ಮಾರಿ ನೋಡಿ ಹೇಳಿದ ಮಾತು

ನಾನು ಬಾಗಲಕೋಟೆಯ ಕಾಲೇಜೊಂದರಲ್ಲಿ ಸಮಾಜಶಾಸ್ತ್ರ ಕಲಿಸುತ್ತೇನೆ. ಊಟದ ಹೊತ್ತಿನ ನಂತರದ ತಾಸಿನಲ್ಲಿ ಹುಡುಗರು ನಿದ್ದೆ ಹೋಗದಂತೆ ನೋಡಿಕೊಳ್ಳುವುದು ನನ್ನ ಮುಖ್ಯ ಕೆಲಸ. ಕುಟುಂಬ, ವಿವಾಹ, ಬಂಧುತ್ವ ಎಂಬ ಪಾಠ ಹೇಳುವುದು ಅದರ ಜೊತೆಗಿನದು. ಮದುವೆಯಾಗದ ನಾನು ವಿವಾಹದ ಬಗ್ಗೆ ತಾಸುಗಟ್ಟಲೆ ಮಾತಾಡುವುದು ಹಿಂದಿನ ಬೆಂಚಿನವರಿಗೆ ತಮಾಷೆಯಾಗಿ ಕಾಣುತ್ತಿತ್ತು. ಹೊಳೆಗೆ ಬಿದ್ದವನು ಕೈಕಾಲು ಬಡಿಯುತ್ತಿರುತ್ತಾನೆ, ಆಳ ಎಷ್ಟಿದೆ ಅಂತ ದಂಡೆಯ ಮೇಲಿದ್ದವರೇ ಹೇಳಬೇಕು ಎಂದು ನಾನು ಅವರ ಬಾಯಿ ಮುಚ್ಚಿಸುತ್ತಿದ್ದೆ.

ನಲವತ್ತು ದಾಟಿದ ಮೇಲೆ ನನಗೆ ಡಾಕ್ಟರೇಟ್ ಮಾಡುವ ಹುಕಿ ಬಂತು. ನಮ್ಮ ಜಿಲ್ಲೆಯ ಮನೆಗಳಲ್ಲಿ ವಯಸ್ಸಾದವರನ್ನು ಯಾರು ನೋಡಿಕೊಳ್ಳುತ್ತಾರೆ, ಮಕ್ಕಳನ್ನು ಯಾರು ಬೆಳೆಸುತ್ತಾರೆ, ಈ ಎರಡು ಕೆಲಸಗಳ ನಡುವೆ ಮನೆಯವರ ಸಂಬಂಧ ಹೇಗೆ ತಾಳಿಕೊಳ್ಳುತ್ತದೆ ಎಂಬುದು ನನ್ನ ವಿಷಯ. ಮಾರ್ಗದರ್ಶಕರು ಅದಕ್ಕೆ ಕೊಟ್ಟ ಶೀರ್ಷಿಕೆಯನ್ನು ಒಂದೇ ಉಸಿರಿನಲ್ಲಿ ಓದಲು ಇವತ್ತಿಗೂ ನನ್ನಿಂದ ಆಗಿಲ್ಲ. ಹಳ್ಳಿಯ ಮನೆತನ ಎಂದರೆ ಪ್ರೀತಿ ವಿಶ್ವಾಸಗಳ ಕಣಜ, ನಾನು ಹೋಗಿ ತುಂಬಿಕೊಂಡು ಬಂದರೆ ಸಾಕು ಎಂದು ಅವರು ನಂಬಿದ್ದರು. ಅವರು ಹುಟ್ಟಿ ಬೆಳೆದದ್ದು ಪೇಟೆಯಲ್ಲಿ.

ನವನಗರದ ನಮ್ಮ ಮನೆಯಲ್ಲಿ ಆಗ ನಾವು ನಾಲ್ವರು: ಅವ್ವ, ನಾನು, ನನ್ನ ತಮ್ಮ, ತಮ್ಮನ ಮಗಳು. ತಮ್ಮನದು ಸುಟ್ಟ ಪಂಪ್‌ಸೆಟ್ ಮೋಟರುಗಳಿಗೆ ಹೊಸ ತಂತಿ ಸುತ್ತುವ ಅಂಗಡಿ. ಅವನ ಹೆಂಡತಿ ಕಾಮಾಲೆಯಾಗಿ ತೀರಿಕೊಂಡಾಗ ಮಗಳು ಇನ್ನೂ ತೊದಲುತ್ತಿದ್ದಳು. ಅವಳನ್ನು ಎತ್ತಿ ಆಡಿಸಿ ಮೂರನೆಯ ಇಯತ್ತೆಗೆ ತಂದು ನಿಲ್ಲಿಸಿದವಳು ಅವ್ವ. ನಾನು ಗಣಿತ ಹೇಳಿಕೊಡುತ್ತಿದ್ದೆ, ತಮ್ಮ ಸಂಜೆ ಬರುವಾಗ ಬಿಸ್ಕತ್ತು ತರುತ್ತಿದ್ದ. ಉಳಿದ ಎಲ್ಲವೂ ಅವ್ವನದೇ. ಆದರೆ ಈಚೆಗೆ ಅವಳ ಕೈ ನಡುಗಲು ಶುರುವಾಗಿತ್ತು. ಮುಂಜಾನೆ ಮೊಮ್ಮಗಳಿಗೆ ಎರಡು ಜಡೆ ಹಾಕಿದರೆ ಒಂದು ಕಿವಿಯ ಮೇಲೆ, ಒಂದು ಕುತ್ತಿಗೆಯ ಹಿಂದೆ. ಹುಡುಗಿ ಕನ್ನಡಿ ನೋಡಿಕೊಂಡು ಏನೂ ಹೇಳದೆ ಸಾಲಿಗೆ ಹೋಗುತ್ತಿದ್ದಳು. ಅವಳು ಏನೂ ಹೇಳದೆ ಹೋಗುತ್ತಿದ್ದುದೇ ಅವ್ವನಿಗೆ ಭಾರಿ ಸಂಕಟ.

ನಾನು ಪ್ರಶ್ನಾವಳಿ ಹಿಡಿದು ಊರೂರು ತಿರುಗಲು ಹೊರಟಾಗ ಅವ್ವ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಳು. "ಕಾಗದಾ ಹಿಡಕೊಂಡು ಒಬ್ಬಾಕಿ ಹೋದ್ರ ಸರಕಾರದಾಕಿ ಬಂದಾಳಂತ ಹೆದರ್ತಾರ. ಹಡದಾಕಿ ಜೋಡಿ ಇದ್ರ ಮನಿಮಂದಿ ಬಂದ್ರಂತ ಬಾಯಿ ಬಿಡ್ತಾರ," ಅಂದಳು. ಸಂಶೋಧನಾ ವಿಧಾನದ ಪುಸ್ತಕದಲ್ಲಿ ಇದನ್ನೇ ಒಂದು ಅಧ್ಯಾಯ ಮಾಡಿ ಬರೆದಿದ್ದಾರೆ. ಅವ್ವ ಹುನಗುಂದದ ಕಡೆಯವಳು, ಜಿಲ್ಲೆಯ ತುಂಬ ಬಳಗ. ಮನೆಗಳನ್ನು ತಾನೇ ಆರಿಸಿದಳು, ಮೊದಲೇ ಫೋನ್ ಮಾಡಿ ತಿಳಿಸಿದಳು. ನಾನು ಬಹಳ ಖುಷಿಪಟ್ಟೆ.

ಮೊದಲು ಹೋದದ್ದು ಬಾದಾಮಿಗೆ. ಆ ಮನೆಯ ಮುದುಕಿ ಪಡಸಾಲೆಯಲ್ಲಿ ಹೊಸ ಸೀರೆ ಉಟ್ಟು ಕೂತಿದ್ದಳು. ಸೀರೆಯ ಮಡಿಕೆಯ ಗೆರೆಗಳು ಇನ್ನೂ ಮಾಸಿರಲಿಲ್ಲ. "ತಮ್ಮ ದೈನಂದಿನ ಅಗತ್ಯಗಳ ಪೂರೈಕೆಯಲ್ಲಿ ಪ್ರಧಾನ ಆರೈಕೆದಾರರು ಯಾರು?" ಎಂದು ನಾನು ಓದಿದೆ. ಮುದುಕಿ ಪಂಚಾಂಗ ಕೇಳುವವರ ಹಾಗೆ ಕೈಮುಗಿದಳು. "ನಿಮಗ ಉಣ್ಣಾಕ ಯಾರು ಹಾಕ್ತಾರಂತ ಕೇಳಾಕತ್ಯಾಳ," ಎಂದು ಅವ್ವ ಬಿಡಿಸಿ ಹೇಳಿದಳು. "ಎಲ್ಲಾರೂ ಹಾಕ್ತಾರವಾ, ಹೂವಿನಂಗ ನೋಡ್ಕೋತಾರ," ಎಂದಳು ಮುದುಕಿ, ಸೊಸೆಯ ಮುಖ ನೋಡಿಕೊಂಡು.

ಹುನಗುಂದದ ಮನೆಯಲ್ಲಿ ಮುದುಕಿಗೆ ಇಬ್ಬರು ಹೆಂಗಸರು ಬೀಸಣಿಗೆ ಬೀಸುತ್ತಿದ್ದರು. ತಲೆಯ ಮೇಲೆ ಫ್ಯಾನೂ ತಿರುಗುತ್ತಿತ್ತು. ನಮಗೆ ಹೋಳಿಗೆ, ಮೇಲೆ ತುಪ್ಪ. ತಪ್ಪು ಮಾಡಿದರೆ ಮನೆಯಲ್ಲಿ ಏನು ಮಾಡುತ್ತಾರೆ ಎಂದು ಮಕ್ಕಳನ್ನು ಕೇಳಿದರೆ, "ಪ್ರೀತಿಲೆ ಬುದ್ಧಿ ಹೇಳ್ತಾರ್ರಿ," ಎಂಬ ಉತ್ತರ. ಬಾದಾಮಿಯ ಮಕ್ಕಳೂ ಅದನ್ನೇ ಹೇಳಿದ್ದವು. ಹುನಗುಂದದ ಹುಡುಗನೊಬ್ಬ ಹೇಳಿ ಮುಗಿಸಿ, "ಬರೋಬ್ಬರಿ ಹೇಳಿದ್ನೇನ ಯವ್ವಾ?" ಎಂದು ತಾಯಿಯನ್ನು ಕೇಳಿದ. ಎಲ್ಲರೂ ನಕ್ಕರು, ನಾನೂ ನಕ್ಕೆ.

ನಾವು ಹೋದ ಪ್ರತಿ ಮನೆಯಲ್ಲೂ ತವರಿಗೆ ಮರಳಿದ ಮಗಳೋ, ಮದುವೆಯಾಗದೆ ಉಳಿದ ತಂಗಿಯೋ ಒಬ್ಬಳು ಇದ್ದೇ ಇರುತ್ತಿದ್ದಳು. ಚಹಾ ತರುವವಳು ಅವಳೇ. ಇದನ್ನು ಈ ಸೀಮೆಯ ಕುಟುಂಬಗಳ ಒಂದು ಲಕ್ಷಣ ಎಂದು ತಿಳಿದು, ಅದಕ್ಕೆ ಕಾರಣಗಳನ್ನೂ ಯೋಚಿಸಿಟ್ಟುಕೊಂಡಿದ್ದೆ. ಮೊದಲ ವರದಿ ಓದಿದ ಮಾರ್ಗದರ್ಶಕರಿಗೆ ಕಣ್ಣು ತುಂಬಿ ಬಂತು. "ನೋಡಿ, ನಾನು ಹೇಳಲಿಲ್ಲವೇ? ಬಯ್ಯುವವರಿಲ್ಲ, ಬಡಿಯುವವರಿಲ್ಲ. ಹಿರಿಯರೆಲ್ಲ ಸಂತೃಪ್ತರು!" ಎಂದರು. ಒಂದು ವಿಚಾರ ಸಂಕಿರಣದಲ್ಲಿ ಅದನ್ನು ಓದಿದೆ, ಚಪ್ಪಾಳೆ ಬಿತ್ತು.

ಗುಟ್ಟು ರಟ್ಟಾದದ್ದು ಇಳಕಲ್ಲಿನಲ್ಲಿ. ನನ್ನ ಪ್ರಶ್ನೆಗಳು ಮುಗಿದು ಪೆನ್ನಿಗೆ ಟೊಪ್ಪಿಗೆ ಹಾಕುತ್ತಿದ್ದೆ. ಮನೆಯ ಯಜಮಾನ ಗಂಟಲು ಸರಿಮಾಡಿಕೊಂಡು, "ಈಗ ನಮ್ಮವೂ ಒಂದೆರಡು ಪ್ರಶ್ನೆ ಅದಾವ್ರಿ," ಎಂದ. ಕೇಳಿ ಎಂದೆ. "ನಿಮ್ಮ ತಮ್ಮಾರಿಗೆ ಕುಡಿಯೂ ಚಟಾ ಏನರ ಐತೇನ್ರಿ? ಅಂಗಡಿ ಸ್ವಂತದ್ದೋ ಬಾಡಿಗಿದೋ? ಮದ್ಲಿನಾಕಿ ಕೂಸು ಯಾರ ಕಡೆ ಇರ್ತೇತಿ?"

ನಾನು ಅವ್ವನ ಕಡೆ ತಿರುಗಿದೆ. ಅವಳು ಚಹಾ ತಂದ ಹುಡುಗಿಯ ಸೀರೆಯ ಸೆರಗನ್ನು ಕೈಯಲ್ಲಿ ಹಿಡಿದು, ಜನ್ಮದಲ್ಲಿ ಇಳಕಲ್ ಸೀರೆ ಕಂಡಿಲ್ಲದವಳ ಹಾಗೆ ನೋಡುತ್ತಿದ್ದಳು.

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂಬ ಗಾದೆಯಿದೆ. ಆ ಸಾವಿರ ಸುಳ್ಳನ್ನೂ ನಾನು ಊರೂರು ತಿರುಗಿ ಕೂಡಿಸಿ, ಕೋಷ್ಟಕ ಮಾಡಿ, ಸಂಕಿರಣದಲ್ಲಿ ಓದಿ ಬಂದಿದ್ದೆ. ಆ ಮಂದಿಯ ತಪ್ಪೂ ಅಲ್ಲ. ನಮ್ಮ ಕಡೆ ಸಂಬಂಧ ಬೆಳೆಸುವ ಮೊದಲು ಹಿರಿಯರು ಮನೆತನ ನೋಡಲು ಹೋಗುತ್ತಾರೆ. ಮನೆಯಲ್ಲಿ ಎಷ್ಟು ಮಂದಿ, ಮುದುಕರನ್ನು ಹೇಗೆ ಇಟ್ಟುಕೊಂಡಿದ್ದಾರೆ, ಮಕ್ಕಳಿಗೆ ಬುದ್ಧಿ ಹೇಗೆ ಕಲಿಸಿದ್ದಾರೆ ಎಂದು ವಿಚಾರಿಸುತ್ತಾರೆ. ನನ್ನ ಪ್ರಶ್ನಾವಳಿಯಲ್ಲಿ ಇದ್ದುದೂ ಅಷ್ಟೇ, ಸ್ವಲ್ಪ ಅರ್ಥವಾಗದ ಭಾಷೆಯಲ್ಲಿ.

ತಿರುಗಿ ಬರುವ ಬಸ್ಸಿನಲ್ಲಿ ನಾನು ಅವ್ವನ ಜೊತೆ ಜಗಳಕ್ಕೆ ಬಿದ್ದೆ. ಅಮೀನಗಡ ಬರುವವರೆಗೂ ಬೈದೆ. ಮುಂದಿನ ಸೀಟಿನವರು ತಿರುಗಿ ಕೂತು ಆರಾಮಾಗಿ ಕೇಳಿದರು.

"ನನ್ನ ಅಧ್ಯಯನಾ ಹಳ್ಳಾ ಹಿಡೀತು! ಹೆಣ್ಣು ನೋಡೂದಿದ್ರ ಬ್ಯಾರೆ ಹೋಗಬೇಕಿತ್ತು!"

"ಬ್ಯಾರೆ ಯಾಕ ಹೋಗಲಿ? ನೀ ಕೇಳೂ ಪ್ರಶ್ನೇನ ನಾ ಕೇಳೂ ಪ್ರಶ್ನಿ. ನೀ ಕಾಗದಕ್ಕ ಕೇಳ್ತಿ, ನಾ ಕೂಸಿಗೆ ಕೇಳ್ತೇನಿ," ಎಂದಳು ಅವ್ವ. ಆಮೇಲೆ ಕಿಟಕಿಯ ಕಡೆ ನೋಡುತ್ತ, "ಜಡಿ ಹಾಕಾಕ ಕೈ ಬರವಲ್ವು. ನಾಳೆ ಅಕಿ ದೊಡ್ಡಾಕಿ ಆಗ್ತಾಳ. ನಾ ಇದ್ದಾಗ ಅಕಿಗೊಬ್ಬಾಕಿ ತಾಯಿನ್ನ ನೋಡಿ ಇಡಬೇಕು. ಬಂದಾಕಿ ಕೂಸಿನ್ನ ಮೂಲ್ಯಾಗ ಕುಂದ್ರಿಸಿದ್ರ ನಾ ಯಾರಿಗೆ ಹೇಳಲಿ?" ಎಂದಳು.

ನನ್ನ ಸಿಟ್ಟು ಅಲ್ಲಿಗೆ ಅರ್ಧ ಇಳಿಯಿತು. ಉಳಿದರ್ಧವನ್ನು ಇಳಿಸಿಕೊಳ್ಳಲು, "ಹೋಳಿಗಿ ಉಂಡು ಹೂಂ ಅನ್ನೂದೊಂದು ಬಾಕಿ ಇಟ್ಟಿದ್ದಿ ನೀ. ಆ ಮುದುಕ್ರನ್ನ ನೋಡಿದೇನು? ಒಂದೊಂದು ಉತ್ತರಕ್ಕೂ ಮದ್ಲ ಮನಿ ಹೆಂಗಸರ ಮಾರಿ ನೋಡ್ತಾರ, ಆಮ್ಯಾಲೆ ಬಾಯಿ ತೆಗೀತಾರ. ಅಂಥಾ ಉತ್ತರಾ ತುಗೊಂಡು ನಾ ಏನ್ ಮಾಡ್ಲಿ?" ಎಂದೆ.

ಅವ್ವ ಗಕ್ಕನೆ ನನ್ನ ಕಡೆ ತಿರುಗಿದಳು. "ಎಲ್ಲಾರೂ ನೋಡಿದ್ರ?"

"ಎಲ್ಲಾರೂ."

"ಹುನಗುಂದದಾಕಿನೂ?"

"ಅಕಿ ಎಲ್ಲಾರಕಿಂತ ಹೆಚ್ಚು."

ಅವ್ವ ಒಂದು ಬೆರಳು ಮಡಚಿದಳು. ಹುನಗುಂದದ ಮನೆಗೆ ಅವಳು ಮನಸ್ಸಿನಲ್ಲೇ ಒಪ್ಪಿಗೆ ಕೊಟ್ಟಾಗಿತ್ತು ಎಂಬುದು ನನಗೆ ಆಮೇಲೆ ಗೊತ್ತಾಯಿತು. ನನ್ನ ಇಡೀ ಅಧ್ಯಯನದಲ್ಲಿ ಕೆಲಸಕ್ಕೆ ಬಂದದ್ದು ಮುದುಕರು ಮುಖ ನೋಡಿ ಬಾಯಿ ತೆಗೆಯುತ್ತಾರೆಂದು ಬೈಯುವ ಭರದಲ್ಲಿ ಹೇಳಿದ ಆ ಒಂದು ಮಾತು, ಮತ್ತು ಅದನ್ನು ಕೆಲಸಕ್ಕೆ ಹಚ್ಚಿದವಳು ಮಾರ್ಗದರ್ಶಕರಲ್ಲ, ಅವ್ವ.

ಕಮತಗಿಯ ಮನೆಗೆ ಹೋದದ್ದು ಯಾರಿಗೂ ಫೋನ್ ಮಾಡದೆ. ಹಾಗೆ ಮಾಡಬೇಕೆಂದು ನಾನೇ ಹಟ ಹಿಡಿದಿದ್ದೆ. ಬಾಗಿಲ ಬಳಿ ಮೂವತ್ತರ ಆಚೆಯ ಹೆಂಗಸೊಬ್ಬಳು ಹೊಲಿಗೆ ಮಿಶನ್ ತುಳಿಯುತ್ತಿದ್ದಳು. ಮದುವೆಯಾಗಿ ವರ್ಷದೊಳಗೆ ಗಂಡನ ಮನೆ ಬಿಟ್ಟು ಬಂದು, ವಿಚ್ಛೇದನ ಪಡೆದು, ಬ್ಲೌಸ್ ಹೊಲಿದು ತಂದೆಯನ್ನು ನೋಡಿಕೊಂಡಿದ್ದವಳು. ತಂದೆ ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು. ನಾವು ಹೋದಾಗ ಅವರು ಗೋಡೆಯ ಗೂಡಿನಲ್ಲಿದ್ದ ಕರದಂಟಿನ ಡಬ್ಬಿಗೆ ಕೈ ಹಾಕಿದ್ದರು. ಸಕ್ಕರೆ ಕಾಯಿಲೆಯವರು.

"ಅಪ್ಪಾ! ಕೈ ತೆಗೀ! ಕಾಲು ಕೊಳಿಸ್ಕೊಂಡು ದವಾಖಾನಿ ಸೇರಬೇಕಂತ ಮಾಡಿಯೇನು?"

"ಒದರ್ಬ್ಯಾಡ! ಮಂದಿ ಬಂದಾರ!"

"ಮಂದಿ ಮುಂದನ ಒದರ್ತೇನಿ! ಮುಚ್ಚು ಡಬ್ಬಿ!"

ನಾನು ಎದೆ ಗಟ್ಟಿ ಮಾಡಿಕೊಂಡು ನನ್ನ ಪ್ರಶ್ನೆಗೆ ಬಂದೆ. "ಮನೆಯಲ್ಲಿ ನಿಮ್ಮನ್ನು ಯಾರಾದರೂ ಬೈಯುತ್ತಾರೆಯೇ?"

"ಮತ್ತ ಈಗ ಅಕಿ ಹಾಡು ಹಾಡಿದಳೇನ್ರಿ ಅಕ್ಕಾರ?" ಎಂದರು ಮುದುಕರು. ಮಗಳ ಕಡೆ ತಿರುಗಿಯೂ ನೋಡಲಿಲ್ಲ. "ಮುಂಜಾನಿಂದ ಸಂಜೀತನಾ ಬೈತಾಳ. ಬರ್ಕೋರಿ. ಸಾರಿಗೆ ಉಪ್ಪು ಹಾಕೂದಿಲ್ಲ, ಅದನ್ನೂ ಬರ್ಕೋರಿ."

"ಇವರು ಗುಳಿಗಿ ಉಗುಳಿ ಹಾಸಿಗಿ ಬುಡಕ ಇಡ್ತಾರ, ಅದನ್ನೂ ಬರ್ಕೋರಿ," ಎಂದಳು ಮಗಳು, ಮಿಶನ್ ನಿಲ್ಲಿಸದೆ.

ನಾನು "ಮೌಖಿಕ ದೌರ್ಜನ್ಯ" ಎಂಬ ಸಾಲಿನ ಎದುರು ಮೊದಲ ಸಲ ಗುರುತು ಹಾಕಿದೆ. ಕೊನೆಗೂ ಒಂದು ಸಿಕ್ಕಿತಲ್ಲ ಎಂದು ಒಳಗೊಳಗೇ ಸಂತೋಷವಾಗಿತ್ತು. ಹೊರಗೆ ಬಂದ ಮೇಲೆ ಅವ್ವ ನನ್ನ ಮೊಣಕೈ ಹಿಡಿದು, "ಇಕೀನ," ಎಂದಳು.

"ಏನು ಇಕೀನ? ಹಡದಪ್ಪಗ ಹಂಗ ಬೈಯಾಕಿ ಕೂಸಿಗೆ ಬಿಡ್ತಾಳೇನು?"

"ಆ ಮುದುಕಗ ಅಂಜಿಕಿ ಇಲ್ಲ ನೋಡು," ಎಂದಳು ಅವ್ವ.

ಮುಂದಿನ ಭಾನುವಾರ ಅವಳು ಬ್ಲೌಸ್ ಹೊಲಿಸುವ ನೆಪ ಮಾಡಿ ಮೊಮ್ಮಗಳನ್ನು ಕರೆದುಕೊಂಡು ಹೋದಳು. ಕಾವಲಿಗೆ ನಾನೂ ಹೋದೆ. ಸ್ವಲ್ಪ ಹೊತ್ತಿಗೆ ಮಿಶನ್ನಿನ ದಾರ ಹರಿಯಿತು. "ಗಾಲಿ ತಿರುಗಿಸಿದೇನು ನೀ?" ಎಂದು ಆಕೆ ಹುಡುಗಿಯನ್ನು ಗದರಿಸಿದಳು. ನಾನು ಏಳುವಷ್ಟರಲ್ಲಿ, ನಮ್ಮ ಮನೆಯಲ್ಲಿ ಏನೂ ಹೇಳದೆ ಇರುತ್ತಿದ್ದ ಹುಡುಗಿ, "ನಾ ಮುಟ್ಟೇ ಇಲ್ಲ!" ಎಂದು ಕೂಗಿದಳು. ಆ ಮುದುಕರ ಗಾಳಿ ಅಷ್ಟು ಬೇಗ ಬೀಸಿತ್ತು. ಆಕೆ ಬಗ್ಗಿ ಸೂಜಿ ನೋಡಿದಳು. "ಖರೇನ. ಸೂಜಿ ಸೊಟ್ಟ ಆಗೇತಿ. ನಂದ ತಪ್ಪು," ಎಂದಳು. ಆಮೇಲೆ ಹುಡುಗಿಯ ತಲೆ ನೋಡಿ, "ಯಾರವಾ ಈ ಜಡಿ ಹಾಕಿದಾರು, ಒಂದು ಬಾದಾಮಿಗೆ ಹೊಂಟೇತಿ, ಒಂದು ಇಳಕಲ್ಲಿಗೆ," ಎನ್ನುತ್ತ ಎರಡನ್ನೂ ಬಿಚ್ಚಿ ಬಾಚತೊಡಗಿದಳು. ಅವ್ವ ತನ್ನ ಎರಡೂ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡು ನೋಡುತ್ತ ಕೂತಿದ್ದಳು.

ತಮ್ಮನನ್ನು ಕರೆದೊಯ್ದು ತೋರಿಸಿದ್ದಾಯಿತು, ಅವರಿಬ್ಬರೂ ಒಪ್ಪಿದ್ದೂ ಆಯಿತು. ಆದರೆ ಆಕೆ, "ಅಪ್ಪನ್ನ ಬಿಟ್ಟು ಬರೂದಿಲ್ಲ," ಎಂದಳು. "ಅವರನ್ನೂ ಕರಕೊಂಡ ಬಾರವಾ," ಎಂದಳು ಅವ್ವ. ಆಗ ಮುದುಕರು ಕೈ ಅಡ್ಡ ಹಿಡಿದರು. ಮಗಳನ್ನು ಕೊಟ್ಟ ಮನೆಯ ನೀರು ಕೂಡ ಕುಡಿಯದವರ ಪೀಳಿಗೆ ಅದು. "ಜನ್ಮೆಲ್ಲಾ ಟಿಕೇಟ ಇಲ್ಲದ ಪ್ಯಾಸೆಂಜರನ್ನ ಇಳಿಸಿ ಬಂದಾಂವ ನಾ. ಈಗ ಮಗಳ ಮನ್ಯಾಗ ಟಿಕೇಟ ಇಲ್ಲದ ಕುಂದರ್ಲೇನು?"

"ಹಳೇ ಕಾಲದ ಮಾತು ಅವು, ಬಿಡ್ರಿ. ಮಗ ಬ್ಯಾರೆ, ಮಗಳು ಬ್ಯಾರೆ ಏನು? ಕೂಸಿನ ಸಲುವಾಗಿ ಬರ್ರಿ," ಎಂದು ಅವ್ವ ದೊಡ್ಡ ಸುಧಾರಕಿಯ ಹಾಗೆ ಭಾಷಣ ಮಾಡಿದಳು. ಮುದುಕರು ಬಗ್ಗಲಿಲ್ಲ. ಹೀಗೆ ಮಳೆಗಾಲ ಕಳೆಯಿತು. ಮುದುಕನ ಆರೈಕೆ ಕಮತಗಿಯಲ್ಲಿ, ಮಗುವಿನ ಕ್ಷೇಮ ಬಾಗಲಕೋಟೆಯಲ್ಲಿ, ನಡುವೆ ಒಬ್ಬಳೇ ಹೆಂಗಸು. ಇದಕ್ಕೆ ನಾನು ಒಂದು ಮಾದರಿಯನ್ನೇ ತಯಾರಿಸಿ, ವಾರದಲ್ಲಿ ಯಾರು ಎಲ್ಲಿರಬೇಕು ಎಂದು ಬಾಣದ ಗುರುತು ಹಾಕಿ ತೋರಿಸಿದೆ. ತಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದರಾಗ ಕರೆಂಟ್ ಎಲ್ಲಿಂದ ಬರ್ತೇತಿ?" ಎಂದು ಕೇಳಿದ.

ಒಂದು ಮುಂಜಾನೆ ಅವ್ವ ಮೊಮ್ಮಗಳ ತಲೆ ಬಾಚಲು ಕೂತಳು. ಬಾಚಣಿಗೆ ಕೈಜಾರಿ ಬಿತ್ತು. ಎತ್ತಿಕೊಂಡಳು, ಮತ್ತೆ ಬಿತ್ತು. ಹುಡುಗಿ ತಿರುಗಿ, "ಇರ್ಲಿ ಬಿಡಜ್ಜಿ, ಹಿಂಗ ಚಲೋ ಕಾಣ್ತೇತಿ," ಎಂದಳು. ಅವಳು ಹೋದ ಮೇಲೆ ಅವ್ವ ತಮ್ಮನನ್ನು ಕರೆದು, "ನೀನ ಅಲ್ಲಿಗೆ ಹೋಗು. ಕೂಸಿನ್ನ ಕರಕೊಂಡು," ಎಂದಳು.

ಮನೆಯಳಿಯನಾಗಿ ಹೋಗುವುದೆಂದರೆ ನಮ್ಮ ಕಡೆ ಗಂಡಸಿನ ಮಾನ ಹರಾಜಿಗೆ ಇಟ್ಟ ಹಾಗೆ. ಬಳಗದವರೆಲ್ಲ ಒಬ್ಬೊಬ್ಬರಾಗಿ ಬಂದು ಅವ್ವನಿಗೆ ಬುದ್ಧಿ ಹೇಳಿ, ಚಹಾ ಕುಡಿದು ಹೋದರು. ತಮ್ಮ ಮಾತ್ರ ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು, "ಮೋಟರ್ ಅಲ್ಲೂ ಸುಡ್ತಾವ," ಎಂದ. ಇಬ್ಬರಿಗೂ ಎರಡನೆಯ ಮದುವೆ. ಕೂಡಲಸಂಗಮಕ್ಕೆ ಹೋಗಿ ದೇವರ ಮುಂದೆ ಮಾಲೆ ಹಾಕಿಸಿ, ಗದ್ದಲವಿಲ್ಲದೆ ಮುಗಿಸಿಕೊಂಡು ಬಂದೆವು. ಮುದುಕರು ಹೊಳೆಯ ದಂಡೆಯಲ್ಲಿ ನಿಂತು, "ಮುಂದ ಸರೀರಿ, ಮುಂದ ಸರೀರಿ," ಎಂದು ಬೀಗರನ್ನೆಲ್ಲ ಫೋಟೋಕ್ಕೆ ನಿಲ್ಲಿಸಿದರು. ಸೊಸೆ ಅವ್ವನ ಕೈ ಹಿಡಿದು, "ನೀವೂ ನಮ್ಮ ಜೋಡಿ ಬರ್ರಿ ಅತ್ತಿ," ಎಂದಳು.

"ಬೀಗರ ಮನ್ಯಾಗ ಕುಂತು ಹೆಂಗ ಉಣ್ಣಲವಾ? ಮಂದಿ ಏನಂದಾರು," ಎಂದಳು ಅವ್ವ. ಮಳೆಗಾಲದ ಭಾಷಣ ಅವಳಿಗೆ ನೆನಪೇ ಇರಲಿಲ್ಲ. ನಾನು ನೆನಪು ಮಾಡಿಕೊಡಲಿಲ್ಲ.

ಹುಡುಗಿಯ ಅರಿವೆ, ಪಾಟಿಚೀಲ, ಗೊಂಬೆ ಎಲ್ಲವೂ ತಮ್ಮ ಮೋಟರು ಸಾಗಿಸುವ ಟಂಟಂ ಗಾಡಿಯಲ್ಲಿ ಏರಿ ಹೋದವು. ಮೊಮ್ಮಗಳಿಗೆ ತಾಯಿಯನ್ನು ಹುಡುಕಲು ಹೊರಟ ಅವ್ವ ತಾಯಿಯನ್ನು ಹುಡುಕಿದಳು, ಮೊಮ್ಮಗಳನ್ನೇ ಕೊಟ್ಟು ಬಂದಳು. ಮಗನೂ ಜೊತೆಗೆ ಹೋದ. ಅವಳ ಪಾಲಿಗೆ ಉಳಿದದ್ದು ನಾನು, ಹಿರಿಯರ ಆರೈಕೆಯ ವಿಷಯದಲ್ಲಿ ಸದ್ಯದಲ್ಲೇ ಡಾಕ್ಟರ್ ಆಗಲಿದ್ದವಳು, ನೆಟ್ಟಗೆ ಒಂದು ರೊಟ್ಟಿ ಬಡಿಯಲು ಬಾರದವಳು.

ಡಾಕ್ಟರೇಟ್ ಬಂತು. ಉತ್ತರಗಳೆಲ್ಲ ಮನೆತನ ನೋಡುವ ಉತ್ತರಗಳು ಎಂದು ಮಾರ್ಗದರ್ಶಕರಿಗೆ ಹೇಳಿದಾಗ ಅವರು ಬಹಳ ನೊಂದುಕೊಂಡು, ಆ ಸಂಗತಿಯನ್ನು "ಅಧ್ಯಯನದ ಮಿತಿಗಳು" ಎಂಬ ಕೊನೆಯ ಭಾಗಕ್ಕೆ ಹಾಕಿಸಿದ್ದರು. ಆ ಭಾಗವನ್ನು ಯಾರೂ ಓದುವುದಿಲ್ಲ.

ರೊಟ್ಟಿ ಮಾತ್ರ ಅಷ್ಟು ಸುಲಭವಾಗಿ ಬರಲಿಲ್ಲ. ಅವ್ವನ ಕೈಯಲ್ಲಿ ಇನ್ನು ಬಡಿಯುವುದಾಗುತ್ತಿರಲಿಲ್ಲ, ಕೊಂಡು ತಂದದ್ದು ಅವಳಿಗೆ ಸೇರುತ್ತಿರಲಿಲ್ಲ. ದಿನವೂ ನಾನು ಬಡಿಯುತ್ತಿದ್ದೆ, ದಿನವೂ ಅವಳು ಬೈಯುತ್ತಿದ್ದಳು. "ಇದೇನು ರೊಟ್ಟಿಯೋ ಮೆಟ್ಟಿನ ಅಟ್ಟಿಯೋ?" ಎಂದು ಚಪ್ಪಲಿಯ ಅಡಿಗೆ ಹೋಲಿಸುತ್ತಿದ್ದಳು. ನಾನೂ ಎದುರು ಮಾತಾಡುತ್ತಿದ್ದೆ. ಪಕ್ಕದ ಮನೆಯವರು ಟಿವಿಯ ಸದ್ದು ಕಡಿಮೆ ಮಾಡಿ ಕೇಳುತ್ತಿದ್ದರು. ಕಾಲೇಜಿನಲ್ಲಿ ದಿನವಿಡೀ ಒದರಿ ಬಂದವಳಿಗೆ ಇದೂ ಒಂದು ಗೋಳು ಎನ್ನಿಸುತ್ತಿತ್ತು. ನಡುವೆ ಪರೀಕ್ಷೆಯ ಪೇಪರು ತಿದ್ದುವ ಕೆಲಸ ಬಂತು. ಆ ವಾರ ಒಂದು ದಿನ, "ಉಂಡ್ರ ಉಣ್ಣು, ಬಿಟ್ರ ಬಿಡು," ಎಂದು ತಾಟು ಕುಕ್ಕಿದೆ. ಆಮೇಲೆ ಅವ್ವ ಬೈಯಲಿಲ್ಲ. ಮನೆ ಶಾಂತವಾಯಿತು. ಹಾಯೆನಿಸಿತು, ಪೇಪರು ಬೇಗ ಬೇಗ ಮುಗಿದವು.

ಆ ಭಾನುವಾರ ಕಮತಗಿಯಿಂದ ಹುಡುಗಿ ಫೋನ್ ಮಾಡಿದಳು. ಕೈ ನಡುಗುತ್ತದೆಂದು ಅವ್ವ ಫೋನನ್ನು ನೆಲದ ಮೇಲಿಟ್ಟು ಸ್ಪೀಕರ್ ಹಚ್ಚುತ್ತಾಳೆ. ಆ ಕಡೆ ಮಿಶನ್ನಿನ ಸದ್ದು, ಮುದುಕರ ಕೂಗು, ಅದಕ್ಕೆ ಉತ್ತರವಾಗಿ ಹುಡುಗಿಯದೇ ಒಂದು ಕೂಗು. "ನಾ ಈಗ ಅಜ್ಜಗ ಗುಳಿಗಿ ನುಂಗಿಸ್ತೇನಜ್ಜಿ. ಬಾಯಿ ತೆಗೆಸಿ ನೋಡ್ತೇನಿ," ಎಂದಳು. ಆಮೇಲೆ ಕೇಳಿದಳು: "ಅಜ್ಜಿ, ಅತ್ತಿ ನಿನಗ ರೊಟ್ಟಿ ಚಲೋ ಮಾಡ್ತಾಳಿಲ್ಲೋ?"

ನಾನು ಒಲೆಯ ಮುಂದಿದ್ದೆ. ಅವ್ವ ತಲೆ ಎತ್ತಿ ನನ್ನ ಮುಖ ನೋಡಿದಳು. ಆಮೇಲೆ, "ಭಾಳ ಚಲೋ ಮಾಡ್ತಾಳವಾ," ಎಂದಳು.

ಆ ನೋಟ ನನಗೆ ಗೊತ್ತು. ಬಾದಾಮಿಯಲ್ಲಿ ಕಂಡಿದ್ದೆ, ಹುನಗುಂದದಲ್ಲಿ ಕಂಡಿದ್ದೆ. ಕೈಯಲ್ಲಿದ್ದ ಹಿಟ್ಟು ಹಾಗೇ ಹಿಡಿದು ನಿಂತೆ. ಕಣ್ಣಲ್ಲಿ ನೀರು ಬಂತು, ನಾಚಿಕೆಯೂ ಆಯಿತು, ಏನು ಮಾಡಬೇಕೆಂದು ತಿಳಿಯದೆ ಫೋನ್ ಇಡುವುದನ್ನೇ ಕಾದು ಜಗಳ ತೆಗೆದೆ.

"ಕೂಸಿನ ಮುಂದ ಸುಳ್ಳು ಯಾಕ ಹೇಳಿದಿ? ಖರೆ ಹೇಳಾಕ ಏನಾಗೇತಿ ನಿನಗ?"

ಅವ್ವ ಫೋನನ್ನು ಸೆರಗಿನಿಂದ ಒರೆಸತೊಡಗಿದಳು.

"ಮೆಟ್ಟಿನ ಅಟ್ಟಿ ಅಂತಿದ್ದೆಲ್ಲ, ಈಗ ಅನ್ನು! ಬಾಯಿ ಬಿದ್ದು ಹೋತೇನು?"

ಅವಳು ಇನ್ನೊಮ್ಮೆ ನನ್ನ ಮುಖ ನೋಡಿದಳು. ಈ ಸಲ ಬಹಳ ಹೊತ್ತು ನೋಡಿದಳು. ಆಮೇಲೆ ತಾಟಿನಲ್ಲಿದ್ದ ರೊಟ್ಟಿಯ ಅಂಚನ್ನು ಎರಡು ಬೆರಳಲ್ಲಿ ಹಿಡಿದೆತ್ತಿ, "ಇದರಕಿಂತ ಮೆಟ್ಟರ ಮೆತ್ತಗಿರ್ತೇತಿ," ಎಂದಳು. ದನಿ ಸಣ್ಣದಿತ್ತು.

"ಜೋರಾಗಿ ಹೇಳು, ಕೇಳವಲ್ದು!"

"ಮೆಟ್ಟು! ಮೆಟ್ಟು ಅಂದೆ! ಓದಿ ಓದಿ ಮರುಳಾಗಿ ನೀ, ಹಿಟ್ಟಿಗೆ ಬಿಸಿನೀರು ಹಾಕೂದು ಗೊತ್ತಿಲ್ಲ, ನಿನಗ ಡಾಕ್ಟರ್ ಅಂತ ಯಾರ ಬರದು ಕೊಟ್ಟಾರು?"

ಪಕ್ಕದ ಮನೆಯ ಟಿವಿಯ ಸದ್ದು ಕಡಿಮೆಯಾಯಿತು. ಅವ್ವ ಬೈಯುತ್ತಲೇ ಇದ್ದಳು. ನಾನು ನೀರು ಕಾಯಲಿಟ್ಟು, ಇನ್ನೊಂದು ರೊಟ್ಟಿಗೆ ಹಿಟ್ಟು ತೆಗೆದುಕೊಂಡೆ.